ಗ್ರೀನ್‌ಫರ್ಡಿನಲ್ಲಿ ಕಂಡ ಜರ್ಮನಿ

ಹೀಥ್ರೋ

ನಿವೃತ್ತಳಾಗುವವರೆಗೂ ನಾನು ಧಾರವಾಡದಲ್ಲಿ ಜರ್ಮನ್ ಭಾಷೆ ಕಲಿಸಿದೆ. ಜರ್ಮನಿಯನ್ನು ಮಾತ್ರ ನೋಡಲಿಲ್ಲ. ಸಂಜೆಯ ಸರ್ಟಿಫಿಕೇಟ್ ತರಗತಿಗೆ ಎಂಜಿನಿಯರಿಂಗ್ ಹುಡುಗರು ಬರುತ್ತಿದ್ದರು, ಮದುವೆ ಗೊತ್ತಾಗುವವರೆಗೆ ಹೊತ್ತು ಕಳೆಯಬೇಕಾದ ಹುಡುಗಿಯರು ಬರುತ್ತಿದ್ದರು. ಅವರಲ್ಲಿ ಕೆಲವರು ಅಲ್ಲಿಗೆ ಹೋಗಿ ಬಂದು ನನಗೆ ಚಾಕಲೇಟ್ ಕೊಟ್ಟರು. ತಮ್ಮ ಶ್ರೀಧರ ಲಂಡನ್ನಿನ ಆಸ್ಪತ್ರೆಯಲ್ಲಿ ಡಾಕ್ಟರ್. ಅವನು ನನ್ನನ್ನು ಕರೆಸಿಕೊಂಡಾಗ ಗೆಳತಿಯರು, “ಅಲ್ಲಿಂದ ಜರ್ಮನಿ ಹತ್ರನ ಐತಲ್ಲ, ಹಂಗ ನೋಡ್ಕೊಂಡ ಬಾ” ಎಂದರು. ಹತ್ತಿರವೇ ಇತ್ತು. ಆದರೆ ಅದಕ್ಕೆ ಬೇರೆ ವೀಸಾ ಬೇಕಿತ್ತು, ಅದು ಸಿಗಲಿಲ್ಲ. ನಾನು ಕಂಡ ಜರ್ಮನಿ ತಮ್ಮನ ಮನೆಯ ಗೋಡೆಯ ಆಚೆ ಬದಿಯಲ್ಲಿತ್ತು.

ಪೂರ್ವ ಯುರೋಪಿನ ದೇಶಗಳು ಯುರೋಪಿನ ಒಕ್ಕೂಟಕ್ಕೆ ಸೇರಿದ ಮರುವರ್ಷ ಅದು. ವಿಮಾನ ನಿಲ್ದಾಣದಲ್ಲಿ ಯುರೋಪಿನವರಿಗೆ ಒಂದು ಸಾಲು, ಉಳಿದ ಲೋಕಕ್ಕೆಲ್ಲ ಇನ್ನೊಂದು. ನಮ್ಮ ಸಾಲಿನಲ್ಲಿ ಹಗ್ಗ ಕಟ್ಟಿದ ಸೂಟ್‌ಕೇಸ್ ಹಿಡಿದ ಮುದುಕನೊಬ್ಬ ನಿಂತಿದ್ದ. ಸಮವಸ್ತ್ರದ ಹುಡುಗಿಯೊಬ್ಬಳು ಅವನ ಪಾಸ್‌ಪೋರ್ಟ್ ನೋಡಿ, “ನೀವು ಆ ಸಾಲಿಗೆ ಹೋಗಿ ಸರ್” ಎಂದಳು. ಮುದುಕ ನಂಬಲಿಲ್ಲ. ಅವಳು ಮತ್ತೆ ಹೇಳಿದಳು. ಅವನು ಯುರೋಪಿನ ಸಾಲಿಗೆ ಹೋಗಿ ನಿಂತ. ಅಲ್ಲಿಂದಲೂ ಯಾರಾದರೂ ವಾಪಸು ಕಳಿಸಿಯಾರು ಎಂಬಂತೆ ಹಿಂತಿರುಗಿ ನಮ್ಮ ಕಡೆಗೇ ನೋಡುತ್ತಿದ್ದ.

ನನ್ನ ಚೀಲದಲ್ಲಿ ಶೇಂಗಾ ಹಿಂಡಿಯ ಪೊಟ್ಟಣ ಒಡೆದು ಕೆಂಪು ಪುಡಿ ಸೀರೆಗಳಿಗೆಲ್ಲ ಮೆತ್ತಿತ್ತು. ತೆರೆಸಿ ನೋಡಿದ ಅಧಿಕಾರಿ ಜೋರಾಗಿ ಸೀನಿ, ನನಗೇ “ಸಾರಿ” ಎಂದ. ಈ ದೇಶದಲ್ಲಿ ಕಾಲು ತುಳಿಸಿಕೊಂಡವರೇ ಕ್ಷಮೆ ಕೇಳುತ್ತಾರೆ ಎಂದು ಅಂದೇ ತಿಳಿಯಿತು.

ಗೋಡೆಯ ಆಚೆ

ತಮ್ಮನ ಮನೆಯಿರುವ ಗ್ರೀನ್‌ಫರ್ಡಿನಲ್ಲಿ ಮನೆಗಳು ಒಂದಕ್ಕೊಂದು ಅಂಟಿಕೊಂಡಿವೆ. ಪಕ್ಕದ ಮನೆಯವರು ಕೆಮ್ಮಿದರೂ ಕೇಳುತ್ತದೆ. ಧಾರವಾಡದ ನಮ್ಮ ಮಾಳಮಡ್ಡಿಯ ವಠಾರದಲ್ಲೂ ಕೇಳುತ್ತಿತ್ತು, ಆದರೆ ಅಲ್ಲಿ ಕೆಮ್ಮು ಕೇಳಿದ ಮೇಲೆ ಕಷಾಯದ ಲೋಟ ಹಿಡಿದು ಯಾರಾದರೂ ಬರುತ್ತಿದ್ದರು. ಇಲ್ಲಿ ಕೇಳಿಸಿಯೂ ಕೇಳಿಸದಂತೆ ಇರುವುದೇ ಮರ್ಯಾದೆ. “ಯಾರಿಗಾದ್ರೂ ಆರಾಮಿಲ್ಲೇನು, ಹೋಗಿ ಕೇಳಲಿ?” ಎಂದರೆ ಶ್ರೀಧರ, “ಇಲ್ಲಿ ಮಂದಿ ಹಂಗೆಲ್ಲಾ ಹೋಗಿ ಕೇಳಂಗಿಲ್ಲಕ್ಕಾ. ಕೇಳಿದ್ರ ಅವರಿಗೇ ತ್ರಾಸ” ಎಂದ.

ಒಂದು ಬೆಳಿಗ್ಗೆ ಮೋಡ ಮುಸುಕಿ ದೀಪ ಹಾಕಿಕೊಂಡೇ ತರಕಾರಿ ಹೆಚ್ಚುತ್ತಿದ್ದೆ. ಗೋಡೆಯ ಆಚೆಯಿಂದ ಮುದುಕಿಯೊಬ್ಬಳು ಕೂಗುವುದು ಕೇಳಿತು. ಮಾತು ಜರ್ಮನ್. ಮೊದಲು ರೇಡಿಯೋ ಅಂದುಕೊಂಡೆ. ರೇಡಿಯೋ ಅಳುವುದಿಲ್ಲವಲ್ಲ.

ತಮ್ಮನ ಹೆಂಡತಿ ಮಾಧುರಿ ಮೈಸೂರಿನವಳು. ಆ ಬೀದಿಯಲ್ಲಿ ಎಲ್ಲರನ್ನೂ ಬಲ್ಲವಳು. ಅವಳು ಹೇಳಿದಳು: “ಪಾಪ, ಅವ್ರು ಎರ್ನಾ ಅಂತ. ಯುದ್ಧ ಮುಗಿದ್ಮೇಲೆ ಇಂಗ್ಲಿಷ್ ಸೋಲ್ಜರ್ ಒಬ್ರನ್ನ ಮದ್ವೆ ಆಗಿ ಬಂದೋರಂತೆ ಅಕ್ಕ. ಅವ್ರು ತೀರ್ಕೊಂಡು ಎಷ್ಟೋ ವರ್ಷ ಆಯ್ತು. ಈಗ ಸ್ಟ್ರೋಕ್ ಆಗಿ ಇಂಗ್ಲಿಷ್ ಪೂರ್ತಿ ಹೊರಟೋಗಿದೆ. ಬರೀ ಜರ್ಮನ್. ಮಗ ಪೀಟರ್‌ಗೆ ಅದು ಒಂದಕ್ಷರ ಬರಲ್ಲ.”

ಅಂದು ಮಧ್ಯಾಹ್ನ ಪೀಟರ್ ಬಾಗಿಲು ಬಡಿದ. ಮಾಧುರಿಯೇ ಫೋನ್ ಮಾಡಿದ್ದಳು. ಐವತ್ತು ದಾಟಿದ, ಬಾಗಿದ ಹೆಗಲಿನ ಮನುಷ್ಯ. ಅಕ್ಸ್‌ಬ್ರಿಡ್ಜಿನಲ್ಲಿ ಮನೆ, ಅಲ್ಲೇ ಕಚೇರಿಯೊಂದರಲ್ಲಿ ಕೆಲಸ. ಹವಾಮಾನದ ಬಗ್ಗೆ ಎರಡು ಮಾತಾಡಿದ ಮೇಲೆಯೇ ವಿಷಯಕ್ಕೆ ಬಂದ. “ಅಮ್ಮ ದಿನವಿಡೀ ಒಂದೇ ಮಾತು ಕೂಗುತ್ತಾಳೆ. ಗಿಫ್ಟ್, ಗಿಫ್ಟ್ ಅಂತ. ಅದೊಂದು ಇಂಗ್ಲಿಷ್ ಪದ ಉಳಿದಿದೆಯಲ್ಲ ಅಂತ ನನಗೆ ಸಂತೋಷ. ಶಾಲು ತಂದೆ, ಹೂ ತಂದೆ, ಚಾಕಲೇಟ್ ತಂದೆ. ಎಲ್ಲ ಎಸೆಯುತ್ತಾಳೆ.”

ಮೊದಲ ವರ್ಷದ ಪಾಠದಲ್ಲಿ ಹುಡುಗರನ್ನು ನಗಿಸಲು ನಾನು ಹೇಳುತ್ತಿದ್ದ ಪದ ಅದು. ಜರ್ಮನ್ ಭಾಷೆಯಲ್ಲಿ ಗಿಫ್ಟ್ ಎಂದರೆ ಉಡುಗೊರೆಯಲ್ಲ, ವಿಷ.

ಒಂದು ಚಮಚ ಸಾರು

ಎರ್ನಾ ಕಿಟಕಿಯ ಬಳಿ ಕುರ್ಚಿಯಲ್ಲಿದ್ದಳು. ಬಲಗೈ ಸತ್ತ ಹಕ್ಕಿಯಂತೆ ತೊಡೆಯ ಮೇಲೆ ಬಿದ್ದಿತ್ತು. ಎದುರಿಗೆ ಬೀಟ್‌ರೂಟಿನ ಕೆಂಪು ಸಾರಿನ ಬಟ್ಟಲು. ಅದನ್ನು ಹಿಡಿದು ನಿಂತವಳು ಲೂದಾ, ಏಜೆನ್ಸಿ ಕಳಿಸಿದ ಆರೈಕೆಯ ಹೆಂಗಸು. ನಲವತ್ತರ ಆಸುಪಾಸು, ದಪ್ಪ ಬೆರಳು, ಒಂದು ಹಲ್ಲಿಗೆ ಬಂಗಾರದ ಕಟ್ಟು. ಎಸ್ಟೋನಿಯಾದವಳು, ಆದರೆ ಜನಾಂಗದಿಂದ, ಭಾಷೆಯಿಂದ ರಷ್ಯನ್.

ನಾನು ಜರ್ಮನ್ ಭಾಷೆಯಲ್ಲಿ ನಮಸ್ಕಾರ ಹೇಳಿ ಪರಿಚಯ ಮಾಡಿಕೊಂಡೆ. ಮುದುಕಿ ಬೆರಗಾಗಿ ನೋಡಿ ನಕ್ಕಳು. “ನೀವು ಪುಸ್ತಕದ ಹಾಗೆ ಮಾತಾಡುತ್ತೀರಿ” ಎಂದಳು. ಆಮೇಲೆ ಎಡಗೈಯಲ್ಲಿ ನನ್ನ ಮಣಿಕಟ್ಟು ಹಿಡಿದುಕೊಂಡು ಪಿಸುಗುಟ್ಟಿದಳು: “ಆ ರಷ್ಯದವಳು ಸಾರಿಗೆ ವಿಷ ಹಾಕಿದ್ದಾಳೆ. ಅವರು ಹಾಗೇ. ನನ್ನ ಹುಡುಗನಿಗೆ ಹೇಳಿ.”

ಪೀಟರ್ ನನ್ನ ಮುಖ ನೋಡುತ್ತಿದ್ದ. ಲೂದಾಳೂ ನೋಡುತ್ತಿದ್ದಳು. ಕಲಿಸುವಾಗ ಅನುವಾದದಲ್ಲಿ ಒಂದು ಪ್ರತ್ಯಯ ಬಿಟ್ಟರೂ ಅಂಕ ಕಳೆಯುತ್ತಿದ್ದ ನಾನು ಅಂದು, “ಸಾರು ರುಚಿಸುತ್ತಿಲ್ಲವಂತೆ” ಎಂದೆ.

“ಸುಳ್ಳು ಹೇಳಬೇಡಿ” ಎಂದಳು ಲೂದಾ. ಅವಳ ಇಂಗ್ಲಿಷ್ ಮುರುಕು, ಆದರೆ ಧ್ವನಿ ನೇರ. “ನನ್ನ ಅಜ್ಜಿ ಜರ್ಮನಿಯಲ್ಲಿ ದುಡಿದವಳು. ಗಿಫ್ಟ್ ಅಂದರೆ ವಿಷ ಅಂತ ನನಗೆ ಮೊದಲ ದಿನವೇ ಗೊತ್ತಿತ್ತು. ಪಾಪ, ಮಗ ಹೂ ತರುತ್ತಿದ್ದ. ಅದಕ್ಕೇ ಸುಮ್ಮನಿದ್ದೆ.”

ಪೀಟರ್ ಕಿವಿಯವರೆಗೂ ಕೆಂಪಾದ. ಲೂದಾ ಯಾರನ್ನೂ ಕೇಳದೆ ಇನ್ನೊಂದು ಚಮಚ ತಂದಳು. ಎರ್ನಾಳ ಕಣ್ಣೆದುರು ಬಟ್ಟಲಿನಿಂದ ಒಂದು ಚಮಚ ಸಾರು ಕುಡಿದು, ಬಾಯಿ ತೆರೆದು ತೋರಿಸಿದಳು. ಮುದುಕಿ ಸ್ವಲ್ಪ ಹೊತ್ತು ಕಾದಳು. ಅವಳು ಸಾಯಲಿಲ್ಲವೆಂದು ಖಾತ್ರಿಯಾದ ಮೇಲೆ ತಾನೂ ಬಾಯಿ ತೆರೆದಳು. ಅಂದಿನಿಂದ ಪ್ರತಿ ಊಟಕ್ಕೂ ಇದೇ ನಡೆಯಿತು. ಪೀಟರನಿಗೆ ಮಾತ್ರ ಇದು ಮಕ್ಕಳ ಆಟದಂತೆ ಕಂಡಿತು. “ಎಷ್ಟು ಚೆನ್ನಾಗಿ ನಿಭಾಯಿಸುತ್ತಾಳೆ, ಅಲ್ಲವೇ?” ಎಂದ.

ನದಿಯವರೆಗೆ ಯುರೋಪ್

ಲಂಡನ್ ನೋಡಲು ಹೋದವಳು ಲಂಡನ್ ನೋಡಿದ್ದು ಕಡಿಮೆ. ಒಂದೆರಡು ಬಾರಿ ಟ್ಯೂಬ್ ರೈಲು ಹತ್ತಿ ಹೋದೆ. ಅವಸರದವರಿಗೆ ಬಿಡಬೇಕಾದ ಎಸ್ಕಲೇಟರಿನ ಎಡಗಡೆ ನಿಂತು ಬೈಸಿಕೊಂಡೆ. ಉಳಿದಂತೆ ಮಧ್ಯಾಹ್ನಗಳೆಲ್ಲ ಎರ್ನಾಳ ಕುರ್ಚಿಯ ಪಕ್ಕದಲ್ಲೇ ಕಳೆದವು. ಹೊರಗೆ ಜಿನುಗು ಮಳೆ. ಆಕಾಶ ತೊಳೆಯದ ಪಾತ್ರೆಯ ಬಣ್ಣ.

ಅವಳು ತುಂಡು ತುಂಡಾಗಿ ಹೇಳುತ್ತಿದ್ದಳು. ಊರು ಆಗ ಜರ್ಮನಿಗೆ ಸೇರಿದ್ದ ಪೂರ್ವ ಪ್ರಶ್ಯದ ಒಂದು ಹಳ್ಳಿ. ಈಗ ಅದು ರಷ್ಯಕ್ಕೆ ಸೇರಿದೆ, ಹೆಸರೂ ಬೇರೆಯಾಗಿದೆ. ಅಪ್ಪ ಶಾಲೆಯ ಮಾಸ್ತರ. ಗೋಡೆಯ ನಕಾಶೆಯ ಮೇಲೆ ಕೋಲಿನಿಂದ ಗಡಿಯ ನದಿ ತೋರಿಸಿ, “ಮಕ್ಕಳೇ, ಯುರೋಪ್ ಇಲ್ಲಿಗೆ ಮುಗಿಯಿತು. ಆಚೆಗೆ ಏಷ್ಯಾ” ಎನ್ನುತ್ತಿದ್ದನಂತೆ. ನದಿಯ ಆಚೆಯವರು ಮನುಷ್ಯರ ಹಾಗೆ ಕಾಣುತ್ತಾರೆ, ಆದರೆ ನಮ್ಮ ಹಾಗೆ ಅಲ್ಲವಂತೆ. ಅವರನ್ನು ಇತ್ತ ದಾಟಲು ಬಿಟ್ಟರೆ ಯುರೋಪ್ ಉಳಿಯುವುದಿಲ್ಲ ಎಂದೂ ಹೇಳುತ್ತಿದ್ದ.

“ಎರ್ನಾ, ನಾನೂ ಏಷ್ಯಾದವಳೇ” ಎಂದೆ.

“ಅಯ್ಯೋ ಇಲ್ಲ, ನೀವು ಬೇರೆ” ಎಂದು ನನ್ನ ಕೈ ತಟ್ಟಿದಳು. “ಭಾರತದವರು ನಮ್ಮ ದೂರದ ಬಳಗ ಅಂತ ಅಪ್ಪ ಹೇಳುತ್ತಿದ್ದ. ಬಹಳ ಹಿಂದೆ ಒಂದೇ ಮನೆಯವರು.”

ಈ ಮಾತು ಕೇಳಿ ಉಬ್ಬುವವರನ್ನು ನಮ್ಮ ಊರಿನಲ್ಲೂ ಕಂಡಿದ್ದೇನೆ. ಏಳು ಸಮುದ್ರದ ಆಚೆಯ ನಾನು ಬಳಗದವಳು. ಅವಳ ಮೈ ಒರೆಸಿ, ಕೂದಲು ಬಾಚಿ, ಆಗ ತಾನೇ ಹಾಸಿಗೆಯ ಬಟ್ಟೆ ಬದಲಿಸುತ್ತಿದ್ದ ಲೂದಾ ನದಿಯ ಆಚೆಯವಳು.

ಯುದ್ಧದ ಕಾಲದಲ್ಲಿ ಅವರ ಮನೆಗೆ ಒಬ್ಬ ರಷ್ಯನ್ ಹುಡುಗಿಯನ್ನು ದುಡಿಯಲು ಕಳಿಸಿದ್ದರಂತೆ. ಹಿಡಿದು ತಂದ ಹುಡುಗಿ. ಎದೆಯ ಮೇಲೆ ‘ಪೂರ್ವ’ ಎಂದು ಬರೆದ ನೀಲಿ ಬಟ್ಟೆಯ ತುಂಡು, ಅಂಥವರ ಗುರುತು. ಅವಳು ಹಂದಿಯ ಕೊಟ್ಟಿಗೆಯಲ್ಲಿ ಮಲಗಬೇಕು, ಅಲ್ಲೇ ಉಣ್ಣಬೇಕು. ಮನೆಯವರ ಮೇಜಿಗೆ ಬರುವಂತಿಲ್ಲ. ಅಡುಗೆ ಮಾತ್ರ ಅವಳದೇ. “ಅಮ್ಮ ಮೊದಲು ಅವಳಿಗೆ ಒಂದು ಚಮಚ ಕುಡಿಸುತ್ತಿದ್ದಳು. ಆಮೇಲೆ ನಮಗೆ” ಎಂದಳು ಎರ್ನಾ, ನಾವು ಹಾಲು ಕಾಯಿಸುವ ರೀತಿ ಹೇಳಿದಷ್ಟು ಸಹಜವಾಗಿ. ಲೂದಾ ಚಮಚ ಎತ್ತುವಾಗ ಅವಳ ಮುಖದಲ್ಲಿ ಮೂಡುವ ಸಮಾಧಾನ ಎಲ್ಲಿಯದೆಂದು ನನಗೆ ಆಗ ತಿಳಿಯಿತು.

ಮತ್ತೊಂದು ದಿನ ಉಳಿದ ಕಥೆ ಬಂತು. ಯುದ್ಧದ ಕೊನೆಯ ಚಳಿಗಾಲದಲ್ಲಿ ರಷ್ಯದ ಸೈನ್ಯ ಊರಿಗೆ ಬಂತು. ಅಪ್ಪ ಅಷ್ಟರಲ್ಲಿ ಸತ್ತಿದ್ದ. ಅಮ್ಮ, ಎರ್ನಾ, ತಂಗಿ ಗ್ರೇಟಾ ಕಣಜದಲ್ಲಿ ಅಡಗಿದ್ದರು. ಸೈನಿಕರು ಅಮ್ಮನನ್ನು ಎಳೆದುಕೊಂಡು ಹೋದರು. “ನಾನು ಗ್ರೇಟಾಳ ಕಿವಿ ಮುಚ್ಚಿ ಹಿಡಿದಿದ್ದೆ. ನನ್ನ ಕಿವಿ ಮುಚ್ಚಲು ಯಾರೂ ಇರಲಿಲ್ಲ” ಎಂದಳು. ಊರು ಬಿಟ್ಟು ಓಡುವ ದಾರಿಯಲ್ಲಿ, ಚಳಿಗಾಲ ಮುಗಿಯುವ ಮೊದಲೇ ಗ್ರೇಟಾ ಸತ್ತಳು. ನೆಲ ಕಲ್ಲಾಗಿತ್ತು, ಅಗೆಯಲಾಗಲಿಲ್ಲ. ತಾಯಿ ಮಗಳು ಹಿಮದಲ್ಲೇ ಮುಚ್ಚಿ ನಡೆದರು.

ನಾನು ಅವಳ ಕೈ ಹಿಡಿದು ಕೂತಿದ್ದೆ. ನನಗೆ ನನ್ನ ಮಾವಶಿಯ, ಅಂದರೆ ಚಿಕ್ಕಮ್ಮನ, ನೆನಪಾಯಿತು. ಅವಳು ಬೀದರ್ ಕಡೆಯವಳು. ನಿಜಾಮನ ರಜಾಕಾರರ ಕಾಲದಲ್ಲಿ ಗಂಡನನ್ನು ಕಳೆದುಕೊಂಡು, ಚಕ್ಕಡಿಯಲ್ಲಿ ಹುಲ್ಲಿನ ಕೆಳಗೆ ಅಡಗಿ ಸೊಲ್ಲಾಪುರ ಸೇರಿದವಳು. ಆಮೇಲೆ ಧಾರವಾಡದಲ್ಲಿ ನಮ್ಮ ಜೊತೆಗಿದ್ದಳು. ಹೂ ಮಾರುವ ಮುಸಲ್ಮಾನ ಮುದುಕ ಅಂಗಳಕ್ಕೆ ಬಂದರೂ ಬಾಗಿಲು ಹಾಕಿಕೊಳ್ಳುತ್ತಿದ್ದಳು. ಅವನು ಹುಬ್ಬಳ್ಳಿ ದಾಟಿ ಆಚೆ ಹೋದವನೇ ಅಲ್ಲ. ಮಾವಶಿ ತನ್ನ ಕಥೆಯನ್ನು ಎಷ್ಟೋ ಸಲ ಹೇಳಿದ್ದಾಳೆ. “ಆಮ್ಯಾಲ ಮಿಲಿಟ್ರಿ ಬಂತು, ಎಲ್ಲಾ ಶಾಂತ ಆತು” ಎಂಬಲ್ಲಿಗೆ ಪ್ರತಿ ಸಲ ನಿಲ್ಲಿಸುತ್ತಿದ್ದಳು. ಆ ಶಾಂತಿಯಲ್ಲಿ ಅದೇ ಊರುಗಳ ಎಷ್ಟು ಮುಸಲ್ಮಾನರ ಮನೆಗಳು ಖಾಲಿಯಾದವು ಎಂಬುದು ನನಗೆ ದೊಡ್ಡವಳಾದ ಮೇಲೆ ಬೇರೆಯವರಿಂದ ತಿಳಿಯಿತು. ಮಾವಶಿಯ ದುಃಖ ಸುಳ್ಳಲ್ಲ. ಎರ್ನಾಳದೂ ಸುಳ್ಳಲ್ಲ. ಅದೇ ಕಷ್ಟ. ಸುಳ್ಳಾಗಿದ್ದರೆ ಎದ್ದು ಹೋಗಬಹುದಿತ್ತು.

ಇಲ್ಫರ್ಡ್

ನಡುವೆ ಒಂದು ಭಾನುವಾರ ಶ್ರೀಧರ ನನ್ನನ್ನು ಲಂಡನ್ನಿನ ಇನ್ನೊಂದು ತುದಿಯ ಇಲ್ಫರ್ಡಿನ ಕನ್ನಡಿಗರ ಮನೆಯೊಂದಕ್ಕೆ ಕರೆದೊಯ್ದ. ಸತ್ಯನಾರಾಯಣ ಪೂಜೆ. ಸಜ್ಜಿಗೆಯ ವಾಸನೆಗೆ ಕಣ್ಣು ತುಂಬಿ ಬಂತು. ಊಟದ ಹೊತ್ತಿಗೆ ಮಾತು ಹೊಸಬರ ಕಡೆಗೆ ಹೊರಳಿತು. ವಿಜಾಪುರದ ಕಡೆಯ ಹಿರಿಯರೊಬ್ಬರು, “ಈ ಪೂರ್ವದ ಮಂದಿ ಬಂದು ಎಲ್ಲಾ ಹೊಲಸ ಮಾಡಾಕತ್ತಾರ ನೋಡ್ರಿ. ಹೆಸರಿಗೆ ಯುರೋಪಿನವರು. ಇಂಗ್ಲಿಷ್ ನೆಟ್ಟಗ ಬರಂಗಿಲ್ಲ, ನಡತಿ ಇಲ್ಲ” ಎಂದರು.

ಸೋಫಾದಲ್ಲಿ ಕೂತಿದ್ದ ಅವರ ಮೊಮ್ಮಗಳು ತಲೆಯೆತ್ತದೆ, “ಅಜ್ಜಾ, ದೇ ಸೆಡ್ ದಟ್ ಅಬೌಟ್ ಯು” ಎಂದಳು.

ಎಲ್ಲರೂ ನಕ್ಕರು. ಹಿರಿಯರು ನಗಲಿಲ್ಲ. “ನಮ್ಮದು ಬ್ಯಾರೆ ಇತ್ತವಾ” ಎಂದರು. ನೀವು ಬೇರೆ, ನಮ್ಮದು ಬೇರೆ. ಆ ವಾರ ಅದೇ ಮಾತನ್ನು ಎರಡನೇ ಸಲ, ಎರಡನೇ ಭಾಷೆಯಲ್ಲಿ ಕೇಳಿದ ಹಾಗಾಯಿತು.

ಹಿತ್ತಲ ಬೆಂಚು

ಎರ್ನಾಳ ಮನಸ್ಸು ದಿನದಿನಕ್ಕೆ ಹಿಂದಕ್ಕೆ ಹೋಗುತ್ತಿತ್ತು. ಗ್ರೀನ್‌ಫರ್ಡ್ ಕರಗಿ ಹಳ್ಳಿ ಉಳಿಯಿತು. ಒಂದು ಮಧ್ಯಾಹ್ನ ಅವಳ ಊಟ ಮುಗಿದ ಮೇಲೆ ಲೂದಾ ತನ್ನ ಡಬ್ಬಿ ತೆರೆದು ಅಡುಗೆಮನೆಯ ಮೇಜಿನ ಬಳಿ ಕೂತಳು. ಕುರ್ಚಿಯಿಂದಲೇ ಅದನ್ನು ಕಂಡ ಎರ್ನಾ ಗಾಬರಿಯಾದಳು. “ಅವಳಿಗೆ ಹೇಳಿ, ಕೊಟ್ಟಿಗೆಗೆ ಹೋಗಿ ಉಣ್ಣಲಿ. ಮೇಜಿನ ಹತ್ತಿರ ಕೂರಬಾರದು. ಅಪ್ಪ ಬಂದರೆ ಸಿಟ್ಟಾಗುತ್ತಾನೆ.”

“ಏನಂತೆ?” ಎಂದಳು ಲೂದಾ.

“ಏನಿಲ್ಲ.”

“ನಿಮ್ಮ ಮುಖ ಹಾಗೆ ಹೇಳುತ್ತಿಲ್ಲ. ನನ್ನ ಬಗ್ಗೆ ಅಂದ ಮಾತು ನನ್ನದು. ಕೊಡಿ.”

ಕೊಟ್ಟೆ. ಒಂದು ಅಕ್ಷರವನ್ನೂ ಬಿಡದೆ.

ಅವಳು ಡಬ್ಬಿ ಮುಚ್ಚಿದಳು. ಕೋಟು ಹಾಕಿಕೊಂಡು ಹಿತ್ತಿಲಿಗೆ ಹೋದಳು. ಅಲ್ಲಿ ಹುಲ್ಲು ಕತ್ತರಿಸುವ ಯಂತ್ರ ಇಡುವ ಮರದ ಗೂಡು, ಅದರ ಪಕ್ಕದಲ್ಲಿ ಒದ್ದೆ ಬೆಂಚು. ಮನೆಗೆ ಬೆನ್ನು ಮಾಡಿ ಕೂತು, ಜಿನುಗುವ ಮಳೆಯಲ್ಲಿ ತನ್ನ ಬ್ರೆಡ್ಡು ತಿನ್ನತೊಡಗಿದಳು. ಎರ್ನಾ ಕಿಟಕಿಯಿಂದ ನೋಡಿ, ನೆಮ್ಮದಿಯಿಂದ ಕಣ್ಣು ಮುಚ್ಚಿದಳು.

ನಾನು ಕೊಡೆ ಹಿಡಿದು ಹೊರಗೆ ಹೋದೆ. “ಯಾಕೆ ಬಂದೆ ಲೂದಾ? ಅವಳಿಗೆ ಬುದ್ಧಿ ಸ್ವಾಧೀನದಲ್ಲಿಲ್ಲ. ಮಾತು ಕೇಳಲೇಬೇಕೆಂದಿರಲಿಲ್ಲ.”

“ಅಜ್ಜಿ ಹೀಗೇ ಉಣ್ಣುತ್ತಿದ್ದಳು, ಯಾವುದೋ ಜರ್ಮನ್ ಹೊಲದಲ್ಲಿ. ಮೊದಲ ಚಮಚ ಅವಳೇ ಕುಡಿಯಬೇಕಿತ್ತು. ಕೊಟ್ಟಿಗೆಯಲ್ಲಿ ಕೂತು ಉಣ್ಣುವುದು ಹೇಗಿರುತ್ತೆ ಅಂತ ನೋಡೋಣ ಅನ್ನಿಸಿತು.”

“ಹೇಗಿದೆ?”

“ಚಳಿ” ಎಂದಳು.

ನಾನು ಅವಳ ಪಕ್ಕದಲ್ಲಿ ಕೂತೆ. ಸೀರೆ ತೊಯ್ದಿತು. ಅವಳು ತನ್ನ ಊರಿನ ಮಾತು ಹೇಳಿದಳು. ಅಲ್ಲೊಂದು ನದಿ, ಈಚೆ ದಂಡೆ ಎಸ್ಟೋನಿಯಾ, ಆಚೆ ದಂಡೆ ರಷ್ಯಾ, ನಡುವೆ ಸೇತುವೆ. ಬಟ್ಟೆ ಗಿರಣಿಯಲ್ಲಿ ಕೆಲಸವಿತ್ತು, ಹೋಯಿತು. ಎಸ್ಟೋನಿಯಾದವರು ಇವಳನ್ನು ರಷ್ಯದವಳು ಎನ್ನುತ್ತಾರೆ. ಆಚೆ ದಂಡೆಯ ಚಿಕ್ಕಮ್ಮ ಇವಳನ್ನು ಯುರೋಪಿನವಳು ಎಂದು ಹಂಗಿಸುತ್ತಾಳೆ. ಅಜ್ಜಿ ಯುದ್ಧ ಮುಗಿದು ಮನೆಗೆ ಬಂದಾಗ ಅವಳ ಜನರೇ, ಜರ್ಮನರಿಗೆ ದುಡಿದವಳು ಎಂದು ಮುಖ ತಿರುಗಿಸಿದರಂತೆ.

“ಎರ್ನಾಳ ಅಮ್ಮನಿಗೆ ಏನಾಯಿತು ಗೊತ್ತೇ?” ಎಂದು ನಾನು ಕೇಳಿದೆ.

“ಊಹಿಸಬಲ್ಲೆ. ನಮ್ಮ ಹುಡುಗರು ಏನು ಮಾಡಿದರು ಅಂತ ನಮ್ಮಲ್ಲಿ ಯಾರೂ ಹೇಳುವುದಿಲ್ಲ. ಆದರೂ ಗೊತ್ತು.” ಡಬ್ಬಿ ಮುಚ್ಚುತ್ತ, “ನನಗೆ ಅವಳ ಮೇಲೆ ಮಮತೆ ಅಂದುಕೊಳ್ಳಬೇಡಿ. ಅವಳು ಉಣ್ಣಬೇಕು, ಅಷ್ಟೇ” ಎಂದಳು. ಎದ್ದು, ಕೋಟು ಕೊಡವಿ, ಮುದುಕಿಯ ಕಾಲಿಗೆ ಎಣ್ಣೆ ಹಚ್ಚಲು ಒಳಗೆ ಹೋದಳು.

ಅಕ್ಸ್‌ಬ್ರಿಡ್ಜ್

ಮರುವಾರ ಎರ್ನಾ ಹೋದಳು. ಬೆಳಿಗ್ಗೆ ಲೂದಾ ಬಾಗಿಲು ತೆರೆದಾಗ ಎಲ್ಲ ಮುಗಿದಿತ್ತು. ನಮ್ಮಲ್ಲಿ ಸಂಜೆಯೊಳಗೆ ಎಲ್ಲ ಪೂರೈಸಿ ಸ್ನಾನ ಮಾಡಿ ಕೂರುತ್ತಾರೆ. ಅಲ್ಲಿ ಹೆಣ ದಿನಗಟ್ಟಲೆ ಕಾಯುತ್ತದೆ, ಜನ ರಜೆ ಹೊಂದಿಸಿಕೊಳ್ಳುತ್ತಾರೆ.

ಆ ನಡುವೆ ಪೀಟರ್ ನನ್ನನ್ನು ತನ್ನ ಮನೆಗೆ ಕರೆದ. ಚಹಾ ಕೊಟ್ಟು, “ಅಮ್ಮ ನನಗೆ ತನ್ನ ಭಾಷೆ ಕಲಿಸಲೇ ಇಲ್ಲ. ‘ಇದು ನಿನಗೆ ಬೇಡ’ ಅನ್ನುತ್ತಿದ್ದಳು. ನಿಮಗೆ ಅವಳು ಏನು ಹೇಳಿದಳೋ ಎಲ್ಲ ಹೇಳಿ” ಎಂದ.

ಗ್ರೇಟಾಳ ಬಗ್ಗೆ ಹೇಳಿದೆ. ತನಗೊಬ್ಬ ಚಿಕ್ಕಮ್ಮ ಇದ್ದಳೆಂದು ಆ ವಯಸ್ಸಿನಲ್ಲಿ ಮೊದಲ ಸಲ ಕೇಳಿದವನು ಮುಖ ಮುಚ್ಚಿಕೊಂಡು ಅತ್ತ. ಅವನ ಅಜ್ಜಿಗೆ ಆದದ್ದನ್ನೂ ಹೇಳಿದೆ. ಆಮೇಲೆ ನೀಲಿ ಬಟ್ಟೆಯ ತುಂಡಿನ ಹುಡುಗಿ, ಕೊಟ್ಟಿಗೆ, ಮೊದಲ ಚಮಚ, ಮಾಸ್ತರನ ನಕಾಶೆ, ಎಲ್ಲ ಹೇಳಿದೆ. ಲೂದಾ ಬೆಂಚಿನ ಮೇಲೆ ಕೂತು ಉಂಡದ್ದನ್ನೂ ಹೇಳಿದೆ.

ಅವನು ಕಣ್ಣೊರೆಸಿಕೊಂಡ. “ಅಮ್ಮ ಆಗ ಮಗು” ಎಂದ. “ಅದನ್ನೆಲ್ಲ ಈಗ ಯಾಕೆ?”

ಶವಸಂಸ್ಕಾರದ ಸಭೆಯಲ್ಲಿ ಪೀಟರ್ ಚೆನ್ನಾಗಿಯೇ ಮಾತಾಡಿದ. ರಷ್ಯದ ಸೈನ್ಯದಿಂದ ಓಡಿ ಬಂದ ಪುಟ್ಟ ಹುಡುಗಿ, ಹಿಮದಲ್ಲಿ ಬಿಟ್ಟು ಬಂದ ತಂಗಿ, ಇಂಗ್ಲೆಂಡಿನಲ್ಲಿ ಕಟ್ಟಿಕೊಂಡ ಹೊಸ ಬದುಕು. ನಾನು ಕೊಟ್ಟದ್ದರಲ್ಲಿ ಅರ್ಧ. ಜನ ಮೂಗೊರೆಸಿಕೊಂಡರು. ನನ್ನ ಮುಂದಿನ ಸಾಲಿನ ಮುದುಕನೊಬ್ಬ ಪಕ್ಕದವಳಿಗೆ, “ಆ ರಷ್ಯನ್ನರು ಪ್ರಾಣಿಗಳು” ಎಂದ, ಮೆಲ್ಲಗೆ, ಪ್ರಾರ್ಥನೆಯ ದನಿಯಲ್ಲಿ. ಕೊನೆಯ ಸಾಲಿನಲ್ಲಿ ಕಪ್ಪು ಕೋಟು ಹಾಕಿಕೊಂಡು ಲೂದಾ ಕೂತಿದ್ದಳು. ಕೆಲಸ ಮುಗಿದ ಮೇಲೂ ಬಂದಿದ್ದಳು. ಪೀಟರ್ ಹಲವರ ಹೆಸರು ಹಿಡಿದು ವಂದನೆ ಹೇಳಿದ. ನನ್ನ ಹೆಸರನ್ನೂ ಹೇಳಿದ. ‘ಆರೈಕೆಯ ಸಿಬ್ಬಂದಿ’ ಎಂಬಲ್ಲಿ ಅವನ ಕಣ್ಣು ಕಾಗದ ಬಿಟ್ಟು ಮೇಲೇಳಲಿಲ್ಲ.

ಹೊರಗೆ ಚಹಾ, ಸ್ಯಾಂಡ್‌ವಿಚ್ ಇತ್ತು. ಲೂದಾ ಅದಕ್ಕೆ ನಿಲ್ಲದೆ ಗೇಟಿನ ಕಡೆ ನಡೆದಳು. ನಾನು ಬೆನ್ನ ಹಿಂದೆಯೇ ಹೋದೆ. ಬಸ್ ಸ್ಟಾಪಿನಲ್ಲಿ ನಾವಿಬ್ಬರೇ.

“ಇನ್ನು ಎಲ್ಲಿಗೆ ಹಾಕಿದ್ದಾರೆ?” ಎಂದು ಕೇಳಿದೆ.

“ಇಲ್ಲೇ ಹತ್ತಿರ. ಒಬ್ಬ ಮುದುಕ, ಪೋಲೆಂಡಿನವನು. ಅವನಿಗೂ ರಷ್ಯನ್ನರೆಂದರೆ ಆಗುವುದಿಲ್ಲ ಅಂತ ಮೊದಲೇ ಹೇಳಿದ್ದಾರೆ.” ಬಂಗಾರದ ಹಲ್ಲು ಕಾಣುವಂತೆ ನಕ್ಕಳು. “ಈ ಸಲ ನಾನು ಬರೀ ಎಸ್ಟೋನಿಯಾದವಳು. ಹೆಸರು ಲೀನಾ. ಅಲ್ಲಿಯವರು ಹಾಗೆ ಇಟ್ಟುಕೊಳ್ಳುತ್ತಾರೆ. ಹೇಗಿದೆ?”

“ಚೆನ್ನಾಗಿದೆ” ಎಂದೆ.

ಬಸ್ಸು ಬಂತು. ಅವಳು ನನ್ನ ಎರಡೂ ಕೈಗಳನ್ನು ಒಮ್ಮೆ ಬಿಗಿಯಾಗಿ ಹಿಡಿದು, ಬಿಟ್ಟು, ಹತ್ತಿದಳು. ಬಾಗಿಲು ಮುಚ್ಚುವ ಮೊದಲು ಹೋಗಿ ಬಾ ಎನ್ನಬೇಕೆನ್ನಿಸಿತು. ಅವಳಿಗೆ ಅಭ್ಯಾಸವಾಗಲಿ ಎಂದು “ಲೀನಾ!” ಎಂದು ಜೋರಾಗಿ ಕರೆದೆ.

ಅವಳು ತಿರುಗಿ ನೋಡಲಿಲ್ಲ. ಸೀಟು ಹುಡುಕುತ್ತ ಒಳಗೆ ನಡೆದಳು.